ಹನ್ನೊಂದು ತಾಸಿನ ಕಟ್ಟು

ಬಸ್ಸಿನ ಹಿಂದಿನ ಕೆಂಪು ದೀಪ ಮರೆಯಾದ ಮೇಲೆ ಗೊರೇಬಾಳ ಕ್ರಾಸಿನಲ್ಲಿ ಉಳಿದವಳು ಶಿವಕುಮಾರಿ ಒಬ್ಬಳೇ. ರಾತ್ರಿ ಹತ್ತೂವರೆ. ಗಂಡ ವೀರೇಂದ್ರ ಗಾಡಿ ತರುತ್ತೇನೆ ಅಂದಿದ್ದ. ಫೋನ್ ಹಚ್ಚಿದರೆ, "ಕಾಲುವಿ ನೀರು ಈಗ ನಮ್ಮ ಪಾಳಿಗೆ ಬಂದೈತಿ, ಬಿಟ್ಟು ಹ್ಯಾಂಗ ಬರ್ಲಿ? ನಡಕೋತ ಬಾ, ಹತ್ತು ಮಿನಿಟಿನ ದಾರಿ" ಅಂದು ಇಟ್ಟೇಬಿಟ್ಟ. ಹೆಂಡತಿ ಎಲ್ಲಿಗೆ ಹರಿದುಹೋಗ್ತಾಳೆ, ನೀರಾದರೆ ಹರಿದುಹೋಗ್ತದಲ್ಲ! ಗಂಡಸರ ಬುದ್ಧಿ ಅಷ್ಟೇ.

ಆ ದಾರಿ ಹೇಗಿದೆ ಅಂದರೆ, ಎಡಕ್ಕೆ ಕಾಲುವೆ, ಬಲಕ್ಕೆ ಹೊಸದಾಗಿ ನಾಟಿ ಮಾಡಿದ ಗದ್ದೆ. ನಡುವೆ ಒಂದು ಹಳೇ ಬಾವಿ. ಬಾವಿಯ ಮೇಲೆ ಬಾಗಿಕೊಂಡ ಆಲದ ಮರ. ಗದ್ದೆಯ ತುಂಬ ಕಪ್ಪೆಗಳು ವಟವಟ ಅನ್ನುತ್ತಿದ್ದವು. ಶಿವಕುಮಾರಿ ಫೋನಿನ ಬೆಳಕು ಬಿಟ್ಟುಕೊಂಡು, ಎಡಗೈಯಲ್ಲಿ ಚೀಲ ಹಿಡಿದು, ಬಿರಬಿರ ನಡೆದಳು. ಆಲದ ಮರ ಹತ್ತಿರ ಬಂತು. ಕಪ್ಪೆಗಳೆಲ್ಲ ಒಮ್ಮೆಗೇ ಸುಮ್ಮನಾದವು...

ಆಗ ಕೇಳಿಸಿತು, ಬೆನ್ನ ಹಿಂದೆ.

ಗಿಲ್... ಧಪ್. ಗಿಲ್... ಧಪ್.

ಗಿಲ್ ಅನ್ನೋದು ಗಾಜಿನ ಬಳೆ. ಅದು ಗೊತ್ತಾಯಿತು. ಹಿಂದೆ ಬರುವವಳು ಹೆಂಗಸು. ಆದರೆ ಬಳೆ ಒಂದೇ ಕೈಯಲ್ಲಿ ಸಪ್ಪಳ ಮಾಡುತ್ತಿತ್ತು. ಇನ್ನೊಂದು ಕಡೆ ಧಪ್... ಹಸಿ ಬಟ್ಟೆಯ ಗಂಟು ತೊಡೆಗೆ ಬಡಿದ ಹಾಗೆ. ಶಿವಕುಮಾರಿ ನಿಂತಳು. ಹಿಂದಿನದೂ ನಿಂತಿತು. ಜೊತೆಗೇ ಅಲ್ಲ... ಒಂದು ಹೆಜ್ಜೆ ತಡವಾಗಿ.

"ಯಾರಬೇ ಅದು?" ಉಸಿರಿನಲ್ಲೇ ಕೇಳಿದಳು.

ಕಿವಿಯ ಹತ್ತಿರವೇ ಬಂತು ಉತ್ತರ. ಮೆಲ್ಲಗೆ, ಮರ್ಯಾದೆಯಿಂದ.

"ಎಷ್ಟ್ ಹೊತ್ತಾತ್ರೀ ಅಕ್ಕಾರ... ಕಟ್ಟಿ?"

ಶಿವಕುಮಾರಿಯ ಚೀಲ ಅಲ್ಲೇ ಬಿತ್ತು. ಚಪ್ಪಲಿ ಒಂದು ಅಲ್ಲೇ ಉಳಿಯಿತು. ಮನೆ ಬಾಗಿಲು ಬಡಿಯುವ ತನಕ ಆಕೆ ತಿರುಗಿ ನೋಡಲಿಲ್ಲ. ನೋಡುವುದೇನು ಬೇಕಿತ್ತು? ಆ ದನಿಯಲ್ಲಿ ತನ್ನನ್ನು ಅಕ್ಕಾರ ಅಂತಿದ್ದವಳು ಊರಿಗೆಲ್ಲ ಒಬ್ಬಳೇ. ಜೋಗಮ್ಮ. ಜೋಗಮ್ಮನನ್ನು ಮಣ್ಣು ಮಾಡಿ ಅವತ್ತಿಗೆ ಇಪ್ಪತ್ತೆರಡು ದಿನ.

ಆ ಜೋಗಮ್ಮ ಯಾರು, ಏನು ಕಟ್ಟಿದ್ದು, ಹೇಳುತ್ತೇನೆ ಕೇಳಿ.

ಜೋಗಮ್ಮ ನಾಟಿ ಮಾಡುವ ಹೆಂಗಸರ ಗುಂಪಿನ ಮುಂದಾಳು. ಹನ್ನೆರಡು ಮಂದಿಯನ್ನು ಕರೆತಂದು ಶಿವಕುಮಾರಿಯ ಗದ್ದೆಗೆ ಇಳಿಸುವುದು, ಸಾಲು ಸೊಟ್ಟಾದರೆ ಬೈಯುವುದು, ನಗಿಸುವುದು, ಎಲ್ಲ ಆಕೆಯದೇ. ಇಬ್ಬರದೂ ಒಂದೇ ವಯಸ್ಸು. ಮೂವತ್ತರ ಆಚೆ ಈಚೆ. ಒಬ್ಬಳು ಬದುವಿನ ಮೇಲೆ ಕೊಡೆ ಹಿಡಿದು ನಿಲ್ಲುವವಳು, ಒಬ್ಬಳು ಕೆಸರಿನಲ್ಲಿ ಬೆನ್ನು ಬಾಗಿಸುವವಳು.

ಅವತ್ತು ನಾಟಿಯ ಕೊನೇ ದಿನ. ಸಂಜೆ ಆರರ ಹೊತ್ತು. ಶಿವಕುಮಾರಿ ಸೊಂಟ ಹಿಡಿದುಕೊಂಡು ಉಸ್ಸಪ್ಪಾ ಅಂದಳು. ಕೆಳಗಿನಿಂದ ಜೋಗಮ್ಮ ನಕ್ಕಳು.

"ನಿಂತು ನೋಡಿದ್ರೂ ಸೊಂಟ ನೋಯ್ತದೇನ್ರೀ ಅಕ್ಕಾರ? ಇಳದು ಒಂದ್ ಸಾಲು ಹಚ್ರಿ, ಹಗುರಾಗ್ತದ."

"ನಾ ಇಳದ್ರ ನಿಮಗ ಬೈಯೋರು ಯಾರು ಬೇ?"

"ಅದಕ್ಕೇನ್ರೀ, ನಿಮ್ಮತ್ತಿನ್ನ ತಂದು ಬದುವಿನ ಮ್ಯಾಲ ನಿಂದ್ರಸ್ತೀವಿ. ಆಕಿ ಬೈದ್ರ ನೆಲ್ಲು ತಾನಾ ಬೆಳೀತದ."

ಹನ್ನೆರಡು ಮಂದಿ ಹೋ ಅಂತ ನಕ್ಕರು. ಆ ನಗು ಇನ್ನೂ ಮುಗಿದಿರಲಿಲ್ಲ. ಜೋಗಮ್ಮ ಬದುವಿನ ಅಂಚಿನಲ್ಲಿದ್ದ ಸಸಿಯ ಕಟ್ಟಿಗೆ ಬಲಗೈ ಹಾಕಿದಳು. ಹಾಕಿದವಳೇ ಹಾ ಅಂದು ಕೈ ಕೊಡವಿದಳು. ಕಂದು ಬಣ್ಣದ್ದೊಂದು ಸರ್ರನೆ ನೀರಿಗೆ ಸರಿಯಿತು. ಅಂಗೈಯ ಹಿಂದೆ ಸಣ್ಣ ಗಾಯ, ನಾಲ್ಕು ಹನಿ ರಕ್ತ.

"ನೀರಹಾವು ಬಿಡ್ರೇ, ಏನೂ ಆಗಂಗಿಲ್ಲ" ಅಂದಳು ಗುಂಪಿನ ಮುದುಕಿ. "ಅಲ್ಲ, ಕೊಳಕಮಂಡಲ ಇದ್ದಂಗಿತ್ತು" ಅಂದಳು ಇನ್ನೊಬ್ಬಳು. ಶಿವಕುಮಾರಿ ಯಾರ ಮಾತನ್ನೂ ಕೇಳಲಿಲ್ಲ. ಸೀರೆ ಎತ್ತಿ ಕಟ್ಟಿ ಕೆಸರಿಗೆ ಇಳಿದಳು. ಸಸಿ ಕಟ್ಟಿದ್ದ ಹಸಿರು ಪ್ಲಾಸ್ಟಿಕ್ ಹಗ್ಗ ಬಿಚ್ಚಿದಳು, ಜೋಗಮ್ಮನ ತೋಳಿಗೆ, ಮೊಣಕೈಯಿಂದ ಒಂದು ಗೇಣು ಮೇಲೆ, ಎರಡು ಸುತ್ತು ಸುತ್ತಿದಳು. ನಡುವೆ ಕಟ್ಟಿಗೆ ತುಂಡು ತೂರಿಸಿ ತಿರುವಿದಳು. ಮೇಲೆ ಎರಡು ಗಂಟು. ವರ್ಷಕ್ಕೆ ಇನ್ನೂರು ಚೀಲ ನೆಲ್ಲಿನ ಬಾಯಿ ಕಟ್ಟುವ ಕೈ ಅದು. ಆಕೆ ಹಾಕಿದ ಗಂಟು ಒಂದೂ ಬಿಚ್ಚಿದ್ದು ಯಾರೂ ಕಂಡಿಲ್ಲ.

"ಕಟ್ಟಿದ್ರ ಹಿಂಗ ಕಟ್ಟಬೇಕು ನೋಡ್ರಿ" ಅಂದರು ಎಲ್ಲರೂ. ಶಿವಕುಮಾರಿಗೂ ಹೌದು ಅನ್ನಿಸಿತು. ಅದೇ ಈಗ ಆಕೆಯನ್ನು ಸುಡುವುದು... ಆ ಹೊತ್ತಿನಲ್ಲಿ ತನಗೆ ಹೆಮ್ಮೆಯಾಗಿತ್ತು ಅನ್ನೋದು.

ಜೋಗಮ್ಮನ ಗಂಡ ಅಂಬಪ್ಪ, ಶಾಲೆಯಲ್ಲಿ ಜವಾನ, ಓಡಿ ಬಂದ. ಬಾಡಿಗೆ ಜೀಪು ಬಂತು. ಅಂಬಪ್ಪ ಸಿಂಧನೂರಿನ ಆಸ್ಪತ್ರೆಗೆ ಅಂದ. ಶಿವಕುಮಾರಿ ಮಸ್ಕಿ ಕಡೆ ಅಂದಳು. ಮಸ್ಕಿಯ ಆಚೆ ಒಂದು ಹಳ್ಳಿಯಲ್ಲಿ ಹಾವಿಗೆ ಮಂತ್ರ ಹಾಕುವ ಅಜ್ಜನಿದ್ದ. ಹಿಂದೆ ಆಕೆಯ ಮಾವನಿಗೆ ಹಾವು ಕಚ್ಚಿದಾಗ ಅಲ್ಲಿಗೇ ಒಯ್ದಿದ್ದರು, ಬದುಕಿದ್ದ. ಜೀಪಿನ ಬಾಡಿಗೆ ಕೊಡುವವಳು ಶಿವಕುಮಾರಿ, ಗದ್ದೆ ಆಕೆಯದು, ಮಾತೂ ಆಕೆಯದೇ ನಡೆಯಿತು.

ಮಸ್ಕಿಗೆ ಹೋಗಬೇಕಾದರೆ ಸಿಂಧನೂರಿನ ನಡುವಿನಿಂದಲೇ ಹೋಗಬೇಕು. ಆಸ್ಪತ್ರೆಯ ಕೆಂಪು ದೀಪದ ಬೋರ್ಡು ಜೀಪಿನ ಕಿಟಕಿಯಲ್ಲಿ ಕಂಡಿತು. ಅಂಬಪ್ಪ ಬಾಗಿದ.

"ಇಲ್ಲೇ ನಿಂದ್ರಸ್ರೀ ಅಕ್ಕಾರ... ನಿಮ್ಮ ಕಾಲಿಗೆ ಬೀಳ್ತೀನಿ."

"ಸುಮ್ಕ ಕೂಡೋ ಅಂಬಪ್ಪ. ನಿನಗಿಂತ ನನಗೇನು ಆಕಿ ಮ್ಯಾಲ ಕಡಿಮಿ ಕಾಳಜಿ ಐತೇನು?"

ಕೆಂಪು ದೀಪ ಹಿಂದೆ ಹೋಯಿತು.

ಅಜ್ಜ ಬೇವಿನ ಎಲೆ ತಿನ್ನಿಸಿದ. ಸಿಹಿ ಅಂದರೆ ವಿಷ ಏರಿದೆ, ಕಹಿ ಅಂದರೆ ಇಲ್ಲ ಅನ್ನೋದು ಅವರ ಪರೀಕ್ಷೆ. ಜೋಗಮ್ಮ ಮುಖ ಕಿವಿಚಿದಳು. "ಥೂ, ಕಹಿ ಐತ್ರೀ ಯಜ್ಜಾ. ಬೇವು ಮತ್ತೇನು ಬೆಲ್ಲ ಆಗಿರ್ತದೇನು?" ಅಜ್ಜ ನಕ್ಕ. ವಿಷ ಇಲ್ಲ ಅಂದ. ಅಲ್ಲಿಗೆ ಬಿಚ್ಚಿಬಿಟ್ಟಿದ್ದರೆ... ಆದರೆ ಅಜ್ಜನ ಕಟ್ಟಳೆ ಬೇರೆ ಇತ್ತು. ಹಾಕಿದ ಕಟ್ಟು ಸೂರ್ಯ ಹುಟ್ಟುವ ತನಕ ಬಿಚ್ಚಬಾರದು. ಬಿಚ್ಚುವಾಗ ಕಟ್ಟಿದ ಕೈಯೇ ಬಿಚ್ಚಬೇಕು. ಬೇರೆಯವರ ಕೈ ಹತ್ತಬಾರದು.

ಅಂಬಪ್ಪ ಕಂಬಕ್ಕೊರಗಿ ಕೂತ. ಜೋಗಮ್ಮ ಕಟ್ಟೆಯ ಮೇಲೆ ಮಲಗಿದಳು, ಶಿವಕುಮಾರಿ ಪಕ್ಕದಲ್ಲಿ. ಒಂಬತ್ತಾಯಿತು, ಹತ್ತಾಯಿತು. ಜೋಗಮ್ಮ ಮೊದಲು ಜೋಮು ಹಿಡಿದಿದೆ ಅಂದಳು. ಆಮೇಲೆ ಸೂಜಿ ಚುಚ್ಚಿದಂತಾಗುತ್ತಿದೆ ಅಂದಳು. ಆಮೇಲೆ ಅಳಹತ್ತಿದಳು. ಬಳೆ ಊದಿದ ಕೈಯಲ್ಲಿ ಹೂತುಹೋಗಿದ್ದವು, ಎಡಗೈಯ ಬಳೆ ಮಾತ್ರ ಗಿಲ್ ಅನ್ನುತ್ತಿದ್ದವು.

"ಸಡಲ ಮಾಡ್ರೀ ಅಕ್ಕಾರ. ಒಂದ್ ಚೂರು."

"ಮುಂಜಾನಿ ತನಕ ತಡಕೋ. ವಿಷ ಏರಿದ್ರ ನನ್ನ ತಲಿ ಮ್ಯಾಲ ಬರ್ತದ."

"ವಿಷ ಇಲ್ಲಂದ್ನಲ್ರೀ ಯಜ್ಜ..."

"ಬಾಯಿ ಮುಚ್ಚಿ ಮಲಕ್ಕೋ ಅಂದೆ."

ನಡುರಾತ್ರಿ. ಅಂಬಪ್ಪನಿಗೆ ಜೋಂಪು ಹತ್ತಿತ್ತು. ಜೋಗಮ್ಮ ಎಡಗೈಯಿಂದ ಶಿವಕುಮಾರಿಯ ಸೆರಗು ಹಿಡಿದಳು. ಬರೀ ಹಿಡಿದು ಎಳೆದಳು. ಶಿವಕುಮಾರಿಗೆ ನಿದ್ದೆಗಣ್ಣು, ಬ್ಯಾಸರಿಕೆ. ಆಕೆ ಜೋಗಮ್ಮನ ಸೆರಗಿನ ಕೆಳಗೆ ಕೈ ಹಾಕಿದಳು. ಗಂಟನ್ನು ಮುಟ್ಟಿದಳು. ಹಾಗೆ ಹೀಗೆ ಅಲ್ಲಾಡಿಸಿದಳು. ಬಿಚ್ಚಲಿಲ್ಲ.

"ನೋಡು, ಸಡಲ ಮಾಡೀನಿ. ಇನ್ನ ಮಲಕ್ಕೋ."

ಜೋಗಮ್ಮ ಹಿಡಿದಿದ್ದ ಸೆರಗು ಬಿಟ್ಟಳು. ಆಮೇಲೆ ಅಂದಳು:

"ಹೌದ್ರೀ ಅಕ್ಕಾರ... ಈಗ ಹಗುರಾತು."

ಕೈ ಸತ್ತಿತ್ತು. ಅದಕ್ಕೇ ಹಗುರಾಗಿತ್ತು.

ಮೂರರ ಮೇಲೆ ಅಂಬಪ್ಪ ಎದ್ದು ಹೆಂಡತಿಯ ಕೈ ಎತ್ತಿ ತನ್ನ ಗಲ್ಲಕ್ಕೆ ಇಟ್ಟುಕೊಂಡ. ಮಣಿಕಟ್ಟು ಜೋತುಬಿತ್ತು. ಉಗುರು ನೀಲಿ. ತೋಳು ಕಪ್ಪಗೆ ಊದಿತ್ತು. ಆತ ಯಾರನ್ನೂ ಕೇಳಲಿಲ್ಲ. ಎತ್ತಿಕೊಂಡು ಹೋಗಿ ಜೀಪಿನಲ್ಲಿ ಮಲಗಿಸಿದ. ಸಿಂಧನೂರು ಮುಟ್ಟಿದಾಗ ಬೆಳಗಿನ ಐದು. ಅಂಬಪ್ಪ ಚೀಟಿ ಮಾಡಿಸಲು ಕಿಟಕಿಗೆ ಓಡಿದ. ಒಳಗೆ ಉಳಿದವರು ಡಾಕ್ಟರು, ಕಹಕಶಾ ಅನ್ನುವ ನರ್ಸ್ ಹುಡುಗಿ, ಶಿವಕುಮಾರಿ, ಮತ್ತು ಅರೆಗಣ್ಣಿನ ಜೋಗಮ್ಮ.

"ಕಟ್ಟಿ ಎಷ್ಟು ಹೊತ್ತಾಯಿತು?" ಡಾಕ್ಟರು ಕೇಳಿದರು.

ಶಿವಕುಮಾರಿ ಲೆಕ್ಕ ಹಾಕಿದಳು. ಸಂಜೆ ಆರು... ಬೆಳಗಿನ ಐದು... ಹನ್ನೊಂದು ತಾಸು. ಹನ್ನೊಂದು ಅಂದರೆ ಎಲ್ಲಿದ್ದಿರಿ ಅಂತಾರೆ. ಮಂತ್ರದ ಅಜ್ಜನ ಹತ್ತಿರ ಅಂದರೆ ಬೈತಾರೆ. ಓದು ಬರಹ ಇಲ್ಲದ ದಡ್ಡಿ ಅಂತಾರೆ, ಎಲ್ಲರ ಮುಂದೆ.

"ಈಗೊಂದು ತಾಸಾತ್ರೀ. ನಸುಕಿನ್ಯಾಗ ಕಚ್ಚೇತಿ."

ಜೋಗಮ್ಮನ ಕಣ್ಣು ಆಕೆಯ ಕಡೆ ತಿರುಗಿತು. ತುಟಿ ಅಲ್ಲಾಡಿತು. ಮಾತು ಬರಲಿಲ್ಲ.

ಒಂದೇ ತಾಸಾಗಿದ್ದರೆ ಕೈ ಕಪ್ಪಾಗಿದ್ದು ಹಾವಿನ ವಿಷದಿಂದಲೇ ಅಂತ ಡಾಕ್ಟರು ತಿಳಿದರು. ವಿಷದ ಔಷಧಿ ಬರೆದರು. ಹಗ್ಗ ತೆಗೆ ಅಂದರು. ಕಹಕಶಾ ಕತ್ತರಿ ಹಾಕಿದಳು. ಕಚ್. ಅಷ್ಟೇ ಸಪ್ಪಳ. ಕಪ್ಪು ತೋಳಿನೊಳಗೆ ರಕ್ತ ಇಳಿಯಿತು, ಹನ್ನೊಂದು ತಾಸು ಅಲ್ಲಿ ಕೊಳೆತದ್ದೆಲ್ಲ ತಿರುಗಿ ಎದೆಗೆ ಏರಿತು. ನಾಲ್ಕು ಮಿನಿಟು. ಜೋಗಮ್ಮ "ಅಕ್ಕಾರ..." ಅಂದಳು. ಆಮೇಲೆ ಏನೂ ಅನ್ನಲಿಲ್ಲ.

ಊರಿನ ಮಂದಿ ಬಂದು ಆಸ್ಪತ್ರೆ ಮುಂದೆ ಕೂಗಾಡಿದರು. ಕಟ್ಟು ಬಿಚ್ಚಿದವಳು ಯಾರು ಅಂದರು. ಆ ಸಣ್ಣ ಹುಡುಗಿಯನ್ನು ಮುಂದೆ ನಿಲ್ಲಿಸಿ ಬೈದರು. ಮಧ್ಯಾಹ್ನದೊಳಗೆ ಆಕೆಯನ್ನು ಕೆಲಸದಿಂದ ತೆಗೆದುಹಾಕಿದರು. ಗೊರೇಬಾಳದ ಕಟ್ಟೆಯ ಮೇಲೆ ಒಂದೇ ಮಾತು: "ಶಿವಕುಮಾರಿ ಕಟ್ಟಿದ್ದು ಬರೋಬ್ಬರಿ ಇತ್ತು. ಆ ನರ್ಸ್ ಹುಡುಗಿ ಬಿಚ್ಚಿ ಕೊಂದಳು." ಶಿವಕುಮಾರಿ ಆ ಮಾತು ಕೇಳಿದಳು. ತಲೆ ತಗ್ಗಿಸಿದಳು. ದುಃಖಕ್ಕೆ ಅಂತ ಮಂದಿ ತಿಳಿದರು.

ಹತ್ತು ದಿನ ಬಿಟ್ಟು ಕಹಕಶಾ ತಾನೇ ಗೊರೇಬಾಳಕ್ಕೆ ಬಂದಳು. ಕಣ್ಣ ಕೆಳಗೆ ಕಪ್ಪು. ಅತ್ತೆ ಜಂಬಮ್ಮ ಚಹಾ ಕಾಸಲು ಒಳಗೆ ಹೋದಾಗ, ಹುಡುಗಿ ಶಿವಕುಮಾರಿಯ ಬಲತೋಳು ಹಿಡಿದಳು. ಒಳಗಿನ ಕಡೆ, ಮಾಂಸದ ಸಂದಿನಲ್ಲಿ, ಎರಡು ಬೆರಳು ಒತ್ತಿದಳು.

"ಇಲ್ಲಿ ಹೊಡಕೋತದಲ್ರೀ ಅಕ್ಕಾ, ಇದು ರಕ್ತನಾಳ. ಕೈಗೆಲ್ಲ ಅನ್ನ ಒಯ್ಯೋದು ಇದೊಂದೇ. ಬಾಜೂಕ ನರ ಅವ. ಇನ್ನೊಂದು ನರ ಹಿಂದಿನಿಂದ ಎಲುಬಿಗೆ ಸುತ್ತಿಕೊಂಡು ಇಳೀತದ, ಮಣಿಕಟ್ಟು ಎತ್ತೋದು ಅದರ ಕೆಲಸ. ಹಗ್ಗದಿಂದ ಬಿಗಿದ್ರ ಎಲ್ಲಾ ಸಾಯ್ತಾವ. ತಾಸು, ಎರಡು ತಾಸಿಗೆ ಸಾಯಂಗಿಲ್ಲ. ಆಕಿ ತೋಳಿನ್ಯಾಗ ಹಗ್ಗ ಒಂದು ಬೆರಳು ಒಳಗ ಇಳಿದಿತ್ತು. ನಾ ಕಂಡೀನಿ." ಹುಡುಗಿಯ ದನಿ ಸಣ್ಣಗಾಯಿತು. "ಭಾಳ ಹೊತ್ತಾಗಿದ್ರ ಹಂಗ ಒಮ್ಮಿಗೆ ಬಿಚ್ಚಬಾರದು. ಮೊದಲು ಬ್ಯಾರೆ ತಯಾರಿ ಮಾಡ್ತಾರ. ಖರೇ ಹೇಳ್ರಿ ಅಕ್ಕಾ. ನನ್ನ ನೌಕರಿ ಬ್ಯಾಡ. ನನಗ ನಿದ್ದಿ ಬೇಕು. ಎಷ್ಟು ಹೊತ್ತಾಗಿತ್ತು?"

ಒಳಗಿನಿಂದ ಕಪ್ಪುಬಸಿಯ ಸಪ್ಪಳ ಬಂತು. ಅತ್ತೆ ಬರುತ್ತಿದ್ದಳು.

"ಒಂದ್ ತಾಸು" ಅಂದಳು ಶಿವಕುಮಾರಿ. "ಎಷ್ಟ್ ಸಲ ಹೇಳ್ಬೇಕು?"

ಹುಡುಗಿ ಚಹಾ ಕುಡಿಯದೆ ಎದ್ದುಹೋದಳು.

ಅದಾದ ಮೇಲೆ ಬಂದದ್ದು ಆ ಕ್ರಾಸಿನ ರಾತ್ರಿ. ಗಿಲ್... ಧಪ್.

ಮರುದಿನ ಮುಂಜಾನೆ ಶಿವಕುಮಾರಿ ರೊಟ್ಟಿ ಬಡಿಯಲು ಕೂತಳು. ಜೋಳದ ಹಿಟ್ಟು ನಾದಿ, ಉಂಡೆ ಮಾಡಿ, ಬಲಗೈ ಎತ್ತಿದಳು. ತೋಳು ಎದ್ದಿತು. ಮಣಿಕಟ್ಟು ಏಳಲಿಲ್ಲ. ಅಂಗೈ ಕೆಳಗೆ ಜೋತುಬಿತ್ತು, ಕೊಯ್ದ ಬಾಳೆಲೆಯ ಹಾಗೆ. ಹಿಟ್ಟಿನ ಮೇಲೆ ಬಿದ್ದ ಸಪ್ಪಳ ಪಟಪಟ ಅಲ್ಲ... ಧಪ್.

"ಏನಬೇ ಇದು, ರೊಟ್ಟಿ ಬಡಿಯಾಕತ್ತಿಯೋ, ಹಿಟ್ಟಿಗೆ ಲಾಲಿ ಹಾಡಾಕತ್ತಿಯೋ?" ಅಂದಳು ಜಂಬಮ್ಮ. ಸೊಸೆಯ ಮುಖ ನೋಡಿ ಹಿಟ್ಟನ್ನು ತನ್ನ ಕಡೆ ಎಳೆದುಕೊಂಡಳು.

ವೀರೇಂದ್ರ ಲಿಂಗಸುಗೂರಿನ ದೊಡ್ಡ ಡಾಕ್ಟರಿಗೆ ತೋರಿಸಿದ. ಅವರು ಕೈ ತಿರುವಿ ನೋಡಿದರು, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರು. ತೋಳಿನ ಎಲುಬಿಗೆ ಸುತ್ತಿಕೊಂಡು ಹೋಗುವ ನರ ಒತ್ತಿದೆ ಅಂದರು. ಆ ಹುಡುಗಿ ಹೇಳಿದ್ದೇ ಮಾತು.

"ಕೈಗೆ ಏನಾದರೂ ಬಿಗಿಯಾಗಿ ಕಟ್ಟಿದ್ದಿರೇನಮ್ಮಾ? ಹಗ್ಗ, ಪಟ್ಟಿ?"

"ನನ್ನ ಕೈಗೆ ಏನೂ ಕಟ್ಟಿಲ್ರೀ."

ಸುಳ್ಳಲ್ಲ. ಆದರೂ ಆ ಮಾತು ಆಡುವಾಗ ತೋಳಿನ ಸುತ್ತ ಯಾರೋ ಒಂದು ಸುತ್ತು ತಿರುವಿದ ಹಾಗಾಯಿತು. ರವಿಕೆಯ ತೋಳು ಮಡಚಿ ನೋಡಿದರೆ ಚರ್ಮ ಸಾಪ್ ಇತ್ತು. ಒಂದು ಗೆರೆಯೂ ಇಲ್ಲ. ಗುಳಿಗೆ ಕೊಟ್ಟು ಕಳಿಸಿದರು.

ಗುಳಿಗೆಗೆ ಏನು ಗೊತ್ತಾಗ್ತದೆ? ಪ್ರತಿ ದಿನ ಸಂಜೆಯಿಂದಲೇ ಶುರುವಾಗುತ್ತಿತ್ತು. ಆರು ಗಂಟೆಗೆ ಜೋಮು. ಒಂಬತ್ತಕ್ಕೆ ಸೂಜಿ. ನಡುರಾತ್ರಿಗೆ ಕೈ ತಣ್ಣಗೆ, ತನ್ನದಲ್ಲದ ಹಾಗೆ. ಪಕ್ಕದಲ್ಲಿ ಯಾರದೋ ಕೈ ಇಟ್ಟು ಹೋದ ಹಾಗೆ. ಬೆಳಗಿನ ಐದಕ್ಕೆ ಸರಿಯಾಗಿ ಬಿಡುತ್ತಿತ್ತು, ಮಣಿಕಟ್ಟು ಮಾತ್ರ ಜೋತೇ ಇರುತ್ತಿತ್ತು. ಹನ್ನೊಂದು ತಾಸು. ಗಡಿಯಾರ ನೋಡಿ ನೋಡಿ ಆಕೆಗೆ ಗೊತ್ತಾಗಿತ್ತು. ಯಾರಿಗೂ ಹೇಳಲಿಲ್ಲ. ಹೇಳಬೇಕಾದರೆ ಮೊದಲಿನಿಂದ ಹೇಳಬೇಕಲ್ಲ.

ಅಮಾವಾಸ್ಯೆಯ ಹಿಂದಿನ ದಿನ. ಮನೆಯವರೆಲ್ಲ ಮಲಗಿದ್ದರು. ಶಿವಕುಮಾರಿ ಎದ್ದು ಚಿಲಕ ತೆಗೆದಳು. ಧೈರ್ಯದಿಂದ ಅಲ್ಲ, ತಡೆಯಲಾರದೆ. ಬರಿಗಾಲಿನಲ್ಲಿ ಬಾವಿಯ ತನಕ ನಡೆದಳು. ಕಪ್ಪೆಗಳು ಕೂಗುತ್ತಿದ್ದವು. ಆಲದ ಮರದ ಕೆಳಗೆ ನಿಂತಳು. ಕಪ್ಪೆಗಳು ನಿಂತವು.

ಗಿಲ್... ಧಪ್.

ಕತ್ತಲೆಯಲ್ಲಿ ಮುಖ ಕಾಣಲಿಲ್ಲ. ಕೆಸರಿನ ವಾಸನೆ ಬಂತು. ಹಸಿ ಕೆಸರು, ಸಸಿಯ ಬೇರಿನ ವಾಸನೆ. ಆಕೆಯ ಎದುರಿಗೆ ಏನೋ ಚಾಚಿದ ಹಾಗಾಯಿತು. ಎಡಗೈ ಮುಂದೆ ಮಾಡಿದಳು. ತೋಳು. ಕಾಲುವೆಯಲ್ಲಿ ನೆನೆದ ಬಾಳೆದಿಂಡಿನ ಹಾಗೆ ತಣ್ಣಗೆ, ಮೆತ್ತಗೆ. ಅದರಲ್ಲಿ ಹೂತ ಹಗ್ಗ. ಅದರ ಮೇಲೆ ಎರಡು ಗಂಟು. ಯಾರದೋ ಗಂಟಲ್ಲ, ತನ್ನದೇ. ಬೆರಳಿಗೆ ಗುರುತು ಸಿಕ್ಕಿತು.

"ಎಷ್ಟ್ ಹೊತ್ತಾತ್ರೀ ಅಕ್ಕಾರ?"

"ಒಂ..." ನಾಲಿಗೆ ರೂಢಿಗೆ ಬಿದ್ದಿತ್ತು. ಆ ಅಕ್ಷರ ಬಾಯಿಯಿಂದ ಬರುತ್ತಲೇ ಹಗ್ಗ ಚರ್ರ್ ಅಂತ ಬಿಗಿಯಿತು. ಎದುರಿನ ತೋಳಿನಲ್ಲಿ ಅಲ್ಲ. ತನ್ನ ತೋಳಿನಲ್ಲಿ.

"ಹನ್ನೊಂದು" ಅಂದಳು ಶಿವಕುಮಾರಿ. "ಹನ್ನೊಂದು ತಾಸು, ಜೋಗಮ್ಮ."

ಬಾವಿಯೊಳಗೆ ಒಂದು ಹನಿ ಬಿತ್ತು. ಟಪಕ್.

"ಸಿಂಧನೂರು ದಾಟಿಸಿಕೊಂಡು ಹೋದಾಕಿ ನಾನು. ಅಂಬಪ್ಪ ಕಾಲಿಗೆ ಬೀಳ್ತೀನಿ ಅಂದ. ಡಾಕ್ಟರ್ ಬೈತಾರಂತ ಸುಳ್ಳು ಹೇಳಿದೆ. ಬರೀ ಬೈತಾರಂತ."

ಬಲಗೈ ಕೆಲಸಕ್ಕೆ ಬರುತ್ತಿರಲಿಲ್ಲ. ಎಡಗೈ ಬೆರಳು ಮತ್ತು ಹಲ್ಲು, ಎರಡೇ. ಮೊದಲ ಗಂಟನ್ನು ಹಲ್ಲಿನಿಂದ ಕಚ್ಚಿ ಎಳೆದಳು. ಬಾಯಿಯ ತುಂಬ ಕೆಸರು. ಬಿಚ್ಚಿತು. ಎರಡನೆಯದಕ್ಕೆ ಉಗುರು ಮುರಿಯಿತು. ಅಳುತ್ತಲೇ ಅಂದಳು:

"ನಡುರಾತ್ರಿ ಸಡಲ ಮಾಡೀನಿ ಅಂದೆನಲ್ಲ... ಮಾಡಿರಲಿಲ್ಲ. ಬರೀ ಮುಟ್ಟಿದ್ದೆ. ನೀ ಹಗುರಾತು ಅಂದೆ. ನಾ ಮಾಡಿರಲಿಲ್ಲಬೇ."

ಎರಡನೇ ಗಂಟೂ ಬಿಚ್ಚಿತು. ಕಟ್ಟಿಗೆ ತುಂಡು ಗರ್ರನೆ ತಿರುಗಿ ಬಾವಿಯ ಕಟ್ಟೆಗೆ ಬಡಿದ ಸಪ್ಪಳವಾಯಿತು. ಕೈಯಲ್ಲಿ ಹಗ್ಗವಿಲ್ಲ. ತೋಳೂ ಇಲ್ಲ.

ಶಿವಕುಮಾರಿ ಕಾದಳು. ಒಂದೇ ಮಾತಿಗೆ ಕಾದಳು. ಹಗುರಾತ್ರೀ ಅಕ್ಕಾರ... ಅದೊಂದು ಮಾತು. ಎಷ್ಟು ಹೊತ್ತು ಕಾದಳೋ ಆಕೆಗೇ ಗೊತ್ತಿಲ್ಲ. ಆ ಮಾತು ಬರಲಿಲ್ಲ. ಕಪ್ಪೆಗಳು ಒಂದೊಂದಾಗಿ ಶುರು ಮಾಡಿದವು.

ಅಲ್ಲಿಂದ ಆಕೆ ಮನೆಗೆ ಹೋಗಲಿಲ್ಲ. ಅಂಬಪ್ಪನ ಬಾಗಿಲು ಬಡಿದಳು. ಲಾಂದ್ರ ಇಲ್ಲ, ಲೈಟು ಹಚ್ಚಲಿಲ್ಲ, ಹೊಸ್ತಿಲ ಹೊರಗೆ ಕತ್ತಲಲ್ಲೇ ನಿಂತು ಎಲ್ಲ ಹೇಳಿದಳು. ಸೊಂಟ ನೋವಿನ ನಗೆಮಾತಿನಿಂದ ಹಿಡಿದು ಕೊನೆಯ ಸುಳ್ಳಿನ ತನಕ. ಅಂಬಪ್ಪ ಬಾಗಿಲ ಚೌಕಟ್ಟು ಹಿಡಿದು ಕೇಳಿದ. ಬೈಯಲಿಲ್ಲ. ಹೊಡೆಯಲಿಲ್ಲ. ಬೈದಿದ್ದರೆ ಆಕೆಗೆ ಸಲೀಸಾಗುತ್ತಿತ್ತು.

"ಆ ಬೋರ್ಡು ನನಗ ದಿನಾ ಕಾಣ್ತದ್ರೀ" ಅಂದ. "ಕೆಂಪು ದೀಪದ್ದು. ಜೀಪಿನಿಂದ ಜಿಗೀಬೇಕಿತ್ತು ನಾನು. ನಿಮ್ಮ ಮಾತು ಮೀರಲಿಲ್ಲ."

ಬಾಗಿಲು ಅರ್ಧ ಎಳೆದು ಅಂದ:

"ನನ್ನ ಮುಂದ ಕತ್ತಲದಾಗ ಹೇಳಿದ್ರ ಏನು ಬಂತ್ರೀ. ನಾಲ್ಕು ಮಂದಿ ನಡುವ ಆ ಹುಡುಗಿಗೆ ಬೈಯುವಾಗ ನೀವೂ ನಿಂತಿದ್ರಿ. ಹಗಲ ಹೊತ್ತಿನ್ಯಾಗ, ನಾಲ್ಕು ಮಂದಿ ನಡುವ ಹೇಳ್ರಿ. ನಾನೂ ಬರ್ತೀನಿ."

ಬಾಗಿಲು ಮುಚ್ಚಿದ.

ಎರಡು ದಿನ ಬಿಟ್ಟು ಶಿವಕುಮಾರಿ ಸಿಂಧನೂರಿನ ಆ ಆಸ್ಪತ್ರೆಯ ಮುಂದೆ ನಿಂತು ಹೇಳಿದಳು. ಡಾಕ್ಟರ ಮುಂದೆ, ಚೀಟಿ ಸಾಲಿನಲ್ಲಿ ನಿಂತ ಮಂದಿಯ ಮುಂದೆ, ಅಂಬಪ್ಪನ ಮುಂದೆ. ಕಹಕಶಾಳನ್ನು ಮನೆಯಿಂದ ಕರೆಸಿದ್ದರು. ಡಾಕ್ಟರು ಬೈದರು. ಅವತ್ತು ಯಾವ ಬೈಗುಳಕ್ಕೆ ಅಂಜಿ ಸುಳ್ಳು ಹೇಳಿದ್ದಳೋ ಅಷ್ಟೇ ಬೈಗುಳ, ಅದಕ್ಕಿಂತ ಒಂದು ಮಾತು ಹೆಚ್ಚಿಲ್ಲ. ಎರಡು ಮಿನಿಟಿನಲ್ಲಿ ಮುಗಿದುಹೋಯಿತು. ಅಷ್ಟಕ್ಕೇ ಒಂದು ಜೀವ ಹೋಗಿತ್ತು ನೋಡಿ.

ಮಂದಿ ಹೇಗೆ ಅಂದರೆ, ಅವತ್ತೇ ಸಂಜೆ ಕಟ್ಟೆಯ ಮಾತು ತಿರುಗಿತು. "ನಮಗ ಮೊದಲಾ ಗೊತ್ತಿತ್ತು ಬಿಡ್ರಿ, ಆಕಿ ಕೈ ಭಾಳ ಬಿಗಿ" ಅಂದರು ಅದೇ ಮಂದಿ.

ಕಹಕಶಾಳನ್ನು ತಿರುಗಿ ಕೆಲಸಕ್ಕೆ ಕರೆದರು. ಆಕೆ ಒಲ್ಲೆ ಅಂದಳು. ಈಗ ಬೇರೆ ಕಡೆ ಸೇರಿಕೊಂಡು, ತಿಂಗಳಿಗೊಮ್ಮೆ ಹಳ್ಳಿಗಳಿಗೆ ಬಿಪಿ, ಶುಗರ್ ನೋಡಲು ಬರುತ್ತಾಳೆ. ಗೊರೇಬಾಳದಲ್ಲಿ ನೋಡುತ್ತಾಳೆ, ನಮ್ಮ ಸಾಲಗುಂದದಲ್ಲೂ ನೋಡುತ್ತಾಳೆ. ಶಿವಕುಮಾರಿಯ ಮಣಿಕಟ್ಟು ಆ ವಾರವೇ ಎದ್ದಿತು. ರೊಟ್ಟಿ ಬಡಿಯುತ್ತಾಳೆ. ಆದರೆ ಚೀಲದ ಬಾಯಿ ಕಟ್ಟಲು ಈಗ ಬೇರೆಯವರನ್ನು ಕರೆಯುತ್ತಾಳೆ. ಗಂಟು ಹಾಕುವುದನ್ನು ಬಿಟ್ಟುಬಿಟ್ಟಿದ್ದಾಳೆ. ಹೂವಿನ ದಾರಕ್ಕೂ ಹಾಕುವುದಿಲ್ಲ.

ಹಗುರಾತು ಅನ್ನುವ ಮಾತು ಇವತ್ತಿನ ತನಕ ಕೇಳಿಸಿಲ್ಲವಂತೆ. ಸಂಜೆ ಆರಾದರೆ ಬದುವಿನ ಕಡೆ ಕಿವಿ ಇಟ್ಟು ಕೂಡುತ್ತಾಳೆ.

ಇಷ್ಟೇ ಆಗಿದ್ದರೆ ಪಾಪದ ಮನಸ್ಸು, ಏನೇನೋ ಕಾಣಿಸುತ್ತದೆ ಅನ್ನಬಹುದಿತ್ತು. ನಾನೂ ಹಾಗೇ ಅಂದಿದ್ದೆ. ಹೋದ ತಿಂಗಳು ಶಿವಕುಮಾರಿ ನಮ್ಮೂರಿಗೆ ಮದುವೆಗೆ ಬಂದಿದ್ದಳು. ಅವತ್ತೇ ಬಿಪಿ ನೋಡುವ ದಿನ. ಕಹಕಶಾ ಆಕೆಯ ಬಲತೋಳಿಗೆ ಪಟ್ಟಿ ಸುತ್ತಿದಳು. ಫುಸ್ ಫುಸ್ ಅಂತ ಗಾಳಿ ತುಂಬಿದಳು. ಮೊಣಕೈ ಮಡಿಕೆಯಲ್ಲಿ ಸ್ಟೆತಸ್ಕೋಪಿನ ಬಿಲ್ಲೆ ಇಟ್ಟು, ಸ್ಸ್ಸ್ ಅಂತ ಗಾಳಿ ಬಿಟ್ಟಳು. ಕೇಳುತ್ತ ಕೇಳುತ್ತ ಹುಡುಗಿಯ ಮುಖ ಗಟ್ಟಿಯಾಯಿತು. ಏನೂ ಬರೆದುಕೊಳ್ಳಲಿಲ್ಲ.

"ಆ ಕೈ ಕೊಡ್ರೀ ಅಕ್ಕಾ" ಅಂದಳು. ಎಡಗೈಯದನ್ನೇ ಬರೆದುಕೊಂಡಳು. ತಿಂಗಳು ತಿಂಗಳೂ ಹೀಗೇ ಮಾಡುತ್ತಾಳಂತೆ.

ಶಿವಕುಮಾರಿ ಹೋದ ಮೇಲೆ ಏನು ಕೇಳಿಸಿತು ಅಂತ ಹುಡುಗಿಯನ್ನು ಕೇಳಿದೆವು. ಮೊದಲು ಹೇಳಲೊಲ್ಲೆ ಅಂದಳು. ಆಮೇಲೆ ಟೇಬಲ್ಲಿನ ಮೇಲೆ ಬೆರಳಿನಿಂದ ಬಡಿದು ತೋರಿಸಿದಳು. ಟಕ್, ಟಕ್... ಟಕ್, ಟಕ್. ಆ ತೋಳಿನಲ್ಲಿ ನಾಡಿ ಎರಡು ಹೊಡೆಯುತ್ತವೆ. ಒಂದು ಶಿವಕುಮಾರಿಯದು. ಅದರ ಹಿಂದೆ ಇನ್ನೊಂದು, ಒಂದು ಹೆಜ್ಜೆ ತಡವಾಗಿ.

ನಾನು ನೋಡಿದ್ದೇನೆ, ಆ ಹುಡುಗಿ ಬೆರಳು ಬಡಿದದ್ದನ್ನ. ಪ್ರತಿ ತಿಂಗಳು ಎರಡನೇ ಮಂಗಳವಾರ ಸಾಲಗುಂದಕ್ಕೆ ಬರುತ್ತಾಳೆ. ನಂಬದಿದ್ದರೆ ಬಂದು ಕೇಳಿ.